ಜಾತಿ ಕೇಳದ ಕಾಯ್ದೆ, ಕಾಗದ ಕೇಳುವ ಬಾಗಿಲು

ಬೆಳಿಗ್ಗೆ ಆರರ ಹೊತ್ತಿಗೆ ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿ ಮೂರು ಥರದ ಹುಡುಗರು ಕಣ್ಣಿಗೆ ಬೀಳುತ್ತಾರೆ. ಬ್ಯಾಗು ಹೊತ್ತು ಟ್ಯೂಷನ್ನಿಗೆ ಹೊರಟವರು. ಸೈಕಲ್ಲಿನ ಮೇಲೆ ಹಾಲು, ಪೇಪರು ಹಾಕುವವರು. ಹೆಗಲಿಗೆ ಗೋಣಿಚೀಲ ಇಳಿಬಿಟ್ಟು ಗಟಾರದ ಅಂಚಿನಲ್ಲಿ ಬಾಟಲಿ, ತಗಡು, ವೈರಿನ ತುಂಡು ಆಯುವವರು. ಮೂವರದೂ ಹೆಚ್ಚುಕಡಿಮೆ ಒಂದೇ ವಯಸ್ಸು. ಆದರೆ ಓಣಿಯ ನಾಯಿಗಳು ಬೊಗಳುವುದು ಮೂರನೆಯವನನ್ನು ಕಂಡು. ಗೇಟಿನ ಒಳಗಿಂದ ‘ಏಯ್, ಯಾರೋ ಅದು?’ ಎಂಬ ದನಿ ಏಳುವುದೂ ಅವನಿಗೇ.

ಆ ‘ಏಯ್’ನಿಂದ ಬಾಲನ್ಯಾಯ ಮಂಡಳಿಯ ಮೇಜಿನವರೆಗೆ ಒಂದು ದಾರಿಯಿದೆ. ಹದಿನೆಂಟು ತುಂಬದವನ ಮೇಲೆ ದೂರು ಬಂದರೆ ಯಾರು ಏನು ಮಾಡಬೇಕು, ಎಲ್ಲೆಲ್ಲಿ ಯಾರ ತೀರ್ಮಾನ ನಡೆಯುತ್ತದೆ, ಒಂದೇ ತಪ್ಪಿಗೆ ಒಬ್ಬ ಸಂಜೆಯೊಳಗೆ ಮನೆ ಸೇರಿ ಇನ್ನೊಬ್ಬ ತಿಂಗಳುಗಟ್ಟಲೆ, ವಿಚಾರಣೆಯ ಕಾಲದಲ್ಲಿ ಮಕ್ಕಳನ್ನಿಡುವ ವೀಕ್ಷಣಾಲಯದಲ್ಲಿ ಉಳಿಯುವುದು ಹೇಗೆ ಎಂಬುದನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ.

ಈಗ ಜಾರಿಯಲ್ಲಿರುವುದು 2015ರ ಬಾಲನ್ಯಾಯ (ಮಕ್ಕಳ ಪಾಲನೆ ಮತ್ತು ರಕ್ಷಣೆ) ಕಾಯ್ದೆ. 2016ರ ಜನವರಿ 15ರಿಂದ ಜಾರಿಗೆ ಬಂದದ್ದು, 2021ರಲ್ಲಿ ತಿದ್ದುಪಡಿ ಕಂಡದ್ದು. ಇದರ 3ನೇ ಕಲಮಿನಲ್ಲಿ ಕಾಯ್ದೆಯ ತತ್ವಗಳನ್ನು ಪಟ್ಟಿ ಮಾಡಿದ್ದಾರೆ. ಲಿಂಗ, ಜಾತಿ, ಜನಾಂಗ, ಹುಟ್ಟಿದ ಸ್ಥಳ, ಅಂಗವೈಕಲ್ಯ ಯಾವುದನ್ನೂ ನೋಡಿ ಮಗುವಿಗೆ ಭೇದ ಮಾಡುವಂತಿಲ್ಲ ಎಂದು ಅಲ್ಲಿ ಸ್ಪಷ್ಟವಾಗಿದೆ. ಓದಿದರೆ ಖುಷಿಯಾಗುವಂಥ ಕಾಯ್ದೆ. ನಿಜಕ್ಕೂ ಅದು ಎಲ್ಲಿಯೂ ಮಗುವಿನ ಜಾತಿ ನೋಡಿ ತೀರ್ಮಾನ ಮಾಡು ಅನ್ನುವುದಿಲ್ಲ. ಅದು ಕೇಳುವುದು ಬೇರೆ ನಾಲ್ಕನ್ನು: ವಯಸ್ಸಿಗೊಂದು ಕಾಗದ, ಇರುವುದಕ್ಕೊಂದು ವಿಳಾಸ, ಜವಾಬ್ದಾರಿ ಹೊರಲು ಒಬ್ಬ ಹಿರಿಯ, ಮೇಜಿನಾಚೆ ಕೂತವರಿಗೆ ತಿಳಿಯುವ ಮಾತು. ನಮ್ಮ ಸೀಮೆಯಲ್ಲಿ ಈ ನಾಲ್ಕೂ ಯಾರ ಮನೆಯಲ್ಲಿವೆ, ಯಾರ ಟೆಂಟಿನಲ್ಲಿಲ್ಲ ಎಂದು ನೋಡುತ್ತ ಹೋದರೆ ಬೇಡವೆಂದರೂ ಜಾತಿಯ ಪಟ್ಟಿಯೇ ಕೈಗೆ ಬರುತ್ತದೆ.

ಇಬ್ಬರು ಹುಡುಗರನ್ನು ಇಟ್ಟುಕೊಂಡು ನೋಡೋಣ. ಇಬ್ಬರೂ ಕಲ್ಪನೆಯವರು, ಇಬ್ಬರಿಗೂ ಹದಿನಾರು. ಒಬ್ಬ ಪೇಟೆಯವ, ಅಪ್ಪನದು ಹಾರ್ಡ್‌ವೇರ್ ಅಂಗಡಿ. ಇನ್ನೊಬ್ಬ ಊರಾಚೆ ಟಾರ್ಪಾಲಿನ ಸಾಲಿನವ, ಕೊರಚರ ಹುಡುಗ. ಒಂದಷ್ಟು ದಿನ ಜೀನ್ಸ್ ವಾಷಿಂಗ್ ಯೂನಿಟ್ಟಿನಲ್ಲಿ ನೀಲಿ ನೀರು ಹೊತ್ತು ಬಿಟ್ಟವ, ಈಗ ಗುಜರಿ ಆಯುತ್ತಾನೆ. ಇಬ್ಬರೂ ಬೇರೆ ಬೇರೆ ದಿನ ಒಂದೇ ಕೆಲಸ ಮಾಡಿದರು: ಕೀ ಬಿಟ್ಟು ನಿಲ್ಲಿಸಿದ್ದ ಯಾರದೋ ಸ್ಪ್ಲೆಂಡರ್ ಹತ್ತಿ ಸಂಗನಕಲ್ಲು ಗುಡ್ಡದ ಕಡೆ ಒಂದು ಸುತ್ತು ಹೊಡೆದರು. ಸಿಕ್ಕಿಬಿದ್ದರು.

ಠಾಣೆಯಲ್ಲಿ

ಪ್ರತಿ ಠಾಣೆಯಲ್ಲೂ ಎಎಸ್‌ಐ ದರ್ಜೆಗೆ ಕಡಿಮೆಯಿಲ್ಲದ ಒಬ್ಬ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಇರಬೇಕು. ಮಗು ಅವರ ಕೈಗೆ ಹೋಗಬೇಕು, ಲಾಕಪ್ಪಿಗಲ್ಲ. ಆ ಅಧಿಕಾರಿ ಸಮವಸ್ತ್ರದಲ್ಲಿ ಇರಬಾರದು. ಕೈಕೋಳ ಹಾಕುವಂತಿಲ್ಲ. ಹೇಳಿಕೆ ಬರೆದು ಸಹಿ ಹಾಕು ಅನ್ನುವಂತಿಲ್ಲ. ಮನೆಯವರಿಗೆ ತಿಳಿಸಬೇಕು, ಪರಿವೀಕ್ಷಣಾಧಿಕಾರಿಗೂ (ಪ್ರೊಬೇಷನ್ ಆಫೀಸರ್) ತಿಳಿಸಬೇಕು. ಹಿಡಿದದ್ದೇ ಆದರೆ, ಪ್ರಯಾಣದ ಸಮಯ ಕಳೆದು 24 ಗಂಟೆಯೊಳಗೆ ಮಂಡಳಿಯ ಮುಂದೆ ಹಾಜರುಪಡಿಸಬೇಕು.

ಇಷ್ಟು ಬಹಳ ಜನರಿಗೆ ಗೊತ್ತು. ಗೊತ್ತಿಲ್ಲದ್ದು, ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದದ್ದು, 2016ರ ಮಾದರಿ ನಿಯಮಗಳ 8ನೇ ನಿಯಮ. ಮಗು ಘೋರ ಅಪರಾಧ (ಕನಿಷ್ಠ ಶಿಕ್ಷೆಯೇ ಏಳು ವರ್ಷ ಅಥವಾ ಹೆಚ್ಚು ಇರುವಂಥದ್ದು) ಮಾಡಿದ ಆರೋಪವಿದ್ದರೆ, ಇಲ್ಲವೇ ದೊಡ್ಡವರ ಜೊತೆ ಸೇರಿ ಮಾಡಿದ್ದರೆ ಮಾತ್ರ ಎಫ್‌ಐಆರ್. ಉಳಿದ ಪ್ರಕರಣಗಳಲ್ಲಿ ಎಫ್‌ಐಆರ್ ಇಲ್ಲ. ಠಾಣಾ ದಿನಚರಿಯಲ್ಲಿ ಬರೆದು, ಮಗುವಿನ ಸಾಮಾಜಿಕ ಹಿನ್ನೆಲೆಯ ವರದಿಯನ್ನು ನಮೂನೆ 1ರಲ್ಲಿ ತುಂಬಿ ಮಂಡಳಿಗೆ ಕಳಿಸುವುದು. ಹಿಡಿದು ಇಟ್ಟುಕೊಳ್ಳುವ ಅಧಿಕಾರವೂ ಘೋರ ಅಪರಾಧಕ್ಕೇ ಸೀಮಿತ, ಮಗುವಿನ ಹಿತಕ್ಕಾಗಿ ಬೇಕೇಬೇಕು ಅನ್ನಿಸಿದ ಸಂದರ್ಭ ಬಿಟ್ಟು. ಅಂದರೆ ಬೈಕ್ ಸುತ್ತಾಡಿಸಿದ ಇಬ್ಬರೂ ಹುಡುಗರು ಕಾಯ್ದೆ ಪ್ರಕಾರ ಅವತ್ತು ರಾತ್ರಿ ತಮ್ಮ ತಮ್ಮ ಮನೆಯಲ್ಲೇ ಮಲಗಬೇಕು.

ಆಗುವುದು ಹಾಗಲ್ಲ. ಪೇಟೆಯ ಹುಡುಗನ ಅಪ್ಪ ಅರ್ಧ ಗಂಟೆಯಲ್ಲಿ ಬರುತ್ತಾನೆ. ಬೈಕಿನ ಮಾಲೀಕನಿಗೂ ಅವನಿಗೂ ಯಾರೋ ಪರಿಚಯದವರು ಇರುತ್ತಾರೆ. ‘ಹುಡುಗಾಟ ಸಾರ್, ಬುದ್ಧಿ ಹೇಳ್ತೀನಿ’ ಅನ್ನುವ ಮಾತಿಗೆ ದಿನಚರಿಯಲ್ಲಿ ಒಂದು ಸಾಲೂ ಬೀಳದೆ ಮುಗಿದುಹೋಗುತ್ತದೆ. ಅದೇ ಮಾತನ್ನು ಟೆಂಟಿನ ಹುಡುಗನ ತಾಯಿ ಹೇಳಿದರೆ ಕೇಳುವವರು ‘ಹುಡುಗಾಟ’ ಎಂದು ಕೇಳಿಸಿಕೊಳ್ಳುವುದಿಲ್ಲ. ‘ಕಸುಬು’ ಎಂದು ಕೇಳಿಸಿಕೊಳ್ಳುತ್ತಾರೆ.

ಇಲ್ಲಿ ಕಾನೂನಿನ ಒಂದು ಸೂಕ್ಷ್ಮ ಕೀಲು ಇದೆ. ಭಾರತೀಯ ನ್ಯಾಯ ಸಂಹಿತೆಯ 303(2)ನೇ ಕಲಮಿನ ಸಾದಾ ಕಳ್ಳತನಕ್ಕೆ ಗರಿಷ್ಠ ಶಿಕ್ಷೆ ಮೂರು ವರ್ಷ. ಮೂರು ವರ್ಷದೊಳಗಿನದು ಬಾಲನ್ಯಾಯದಲ್ಲಿ ಲಘು ಅಪರಾಧ. 305ನೇ ಕಲಂ ಮನೆಯೊಳಗಿನ ಕಳ್ಳತನಕ್ಕೆ, ಜನರನ್ನೋ ಸರಕನ್ನೋ ಸಾಗಿಸುವ ವಾಹನದ ಕಳ್ಳತನಕ್ಕೆ. ಶಿಕ್ಷೆ ಏಳು ವರ್ಷದವರೆಗೆ, ಬಾಲನ್ಯಾಯದ ಲೆಕ್ಕದಲ್ಲಿ ಗಂಭೀರ ಅಪರಾಧ. ಒಂದೇ ಸ್ಪ್ಲೆಂಡರ್. ಬರೆಯುವವರ ಪೆನ್ನು 303ರ ಮೇಲೆ ನಿಲ್ಲುತ್ತದೋ 305ಕ್ಕೆ ಹೋಗುತ್ತದೋ ಎಂಬುದರ ಮೇಲೆ ಮುಂದಿನದು ನಿಂತಿದೆ. ಜೊತೆಗೆ ಗುಜರಿ ಅಂಗಡಿಯವನನ್ನೂ ಸೇರಿಸಿದರೆ ‘ದೊಡ್ಡವರ ಜೊತೆ ಸೇರಿ’ ಎಂದಾಯಿತು, ಎಫ್‌ಐಆರ್‌ಗೆ ದಾರಿ ತೆರೆಯಿತು. ಗುಜರಿ ಆಯುವ ಹುಡುಗನಿಗೆ ಗುಜರಿ ಅಂಗಡಿಯವ ಪರಿಚಯವಿರದೆ ಇನ್ನೇನು, ಬ್ಯಾಂಕ್ ಮ್ಯಾನೇಜರ್ ಪರಿಚಯವಿರುತ್ತಾನೆಯೇ?

ಜೂನ್ ಒಂದು, ಜನವರಿ ಒಂದು

ಮಂಡಳಿಗೆ ಬಂದ ಮೇಲೆ ಮೊದಲ ಪ್ರಶ್ನೆ ವಯಸ್ಸಿನದು. 94ನೇ ಕಲಂ ಒಂದು ಕ್ರಮ ಹಾಕಿಕೊಟ್ಟಿದೆ: ಶಾಲೆ ಕೊಟ್ಟ ಜನ್ಮದಿನಾಂಕದ ಪ್ರಮಾಣಪತ್ರ ಇಲ್ಲವೇ ಎಸ್ಸೆಸ್ಸೆಲ್ಸಿಯದು, ಅದಿಲ್ಲದಿದ್ದರೆ ಪಾಲಿಕೆ, ಪುರಸಭೆ, ಪಂಚಾಯಿತಿಯ ಜನನ ಪತ್ರ, ಎರಡೂ ಇಲ್ಲದಿದ್ದರೆ ಮಾತ್ರ ಮೂಳೆ ಪರೀಕ್ಷೆ, ಆದೇಶವಾದ 15 ದಿನದೊಳಗೆ. ಮೂಳೆ ಪರೀಕ್ಷೆ ವಯಸ್ಸನ್ನು ಒಂದೆರಡು ವರ್ಷದ ಆಚೀಚೆ ಮಾತ್ರ ಹೇಳಬಲ್ಲದು. ಹದಿನಾರರ ಹುಡುಗನಿಗೆ ಆ ಒಂದೆರಡು ವರ್ಷವೆಂದರೆ ವೀಕ್ಷಣಾಲಯಕ್ಕೂ ಕೇಂದ್ರ ಕಾರಾಗೃಹಕ್ಕೂ ಇರುವ ವ್ಯತ್ಯಾಸ.

ಒಮ್ಮೆ ಕಚೇರಿಯೊಂದರ ಮೊಗಸಾಲೆಯಲ್ಲಿ ಸಿರುಗುಪ್ಪ ಕಡೆಯಿಂದ ಮೊದಲ ಬಸ್ಸಿಗೆ ಬಂದಿದ್ದ ಹೆಂಗಸೊಬ್ಬಳು ನನ್ನ ಪಕ್ಕ ಕೂತಿದ್ದಳು. ಮಡಿಲಲ್ಲಿ ಬಟ್ಟೆ ಅಂಗಡಿಯ ಹಳೇ ಕ್ಯಾರಿಬ್ಯಾಗು. ಅದರೊಳಗೆ ಮನೆಯ ಅಷ್ಟೂ ಕಾಗದ: ರೇಷನ್ ಕಾರ್ಡು, ಲ್ಯಾಮಿನೇಷನ್ ಮಾಡಿಸಿದ ಆಧಾರ್, ಮಡಿಕೆಯಲ್ಲಿ ಹರಿದ ತಾಯಿ ಕಾರ್ಡು, ಯಾವುದೋ ಆಸ್ಪತ್ರೆಯ ಚೀಟಿ. ‘ಎಲ್ಲಾ ತಂದೀನ್ರಿ ಸಾರ್, ಇದ್ರಾಗ ಯಾವುದು ನೋಡ್ತಾರೋ ನೋಡಲಿ’ ಅಂದಳು. ಆಧಾರ್ ತಿರುವಿ ನೋಡಿದೆ. ಮಗನ ಜನ್ಮದಿನ ಜನವರಿ 1. ಅವಳದೂ ಜನವರಿ 1. ಕಾಗದವಿಲ್ಲದವರು ಕೌಂಟರಿನ ಮುಂದೆ ‘ಅಂದಾಜು ಇಷ್ಟು’ ಎಂದರೆ ಕಂಪ್ಯೂಟರ್ ಅವರನ್ನೆಲ್ಲ ಹೊಸ ವರ್ಷದ ದಿನವೇ ಹುಟ್ಟಿಸಿಬಿಡುತ್ತದೆ. ಶಾಲೆಗೆ ಸೇರಿದವರದು ಇನ್ನೊಂದು ಕಥೆ. ನಮ್ಮ ಹಳ್ಳಿ ಶಾಲೆಗಳ ದಾಖಲಾತಿ ಪುಸ್ತಕ ತೆರೆದರೆ ಅರ್ಧ ತರಗತಿ ಜೂನ್ 1ರಂದು ಹುಟ್ಟಿರುತ್ತದೆ, ಮೇಷ್ಟ್ರು ಬರೆದದ್ದು. ಆ ಜೂನ್ 1ಕ್ಕೆ ಕಾನೂನಿನ ಬೆಲೆಯುಂಟು, ಜನವರಿ 1ಕ್ಕಿಲ್ಲ. ಆಧಾರ್ ಕಾರ್ಡು ಹುಟ್ಟಿದ ದಿನಾಂಕಕ್ಕೆ ಪುರಾವೆಯಲ್ಲ ಎಂದು ಸುಪ್ರೀಂ ಕೋರ್ಟ್ 2024ರ ಅಕ್ಟೋಬರಿನಲ್ಲಿ ಹೇಳಿದೆ. ಬರೀ ಟಿ.ಸಿ. ಕೂಡ 94ನೇ ಕಲಮಿನ ಕಾಗದವಾಗುವುದಿಲ್ಲ ಎಂದು ಅದೇ ನ್ಯಾಯಾಲಯದ 2023ರ ತೀರ್ಪಿದೆ.

ಹಾಗಾಗಿ ಮಾಡಬೇಕಾದದ್ದು ಇಷ್ಟು: ಮಗು ಮೊದಲು ಸೇರಿದ ಶಾಲೆಗೆ ಹೋಗಿ, ದಾಖಲಾತಿ ಪುಸ್ತಕದ ಆಧಾರದ ಮೇಲೆ ಜನ್ಮದಿನಾಂಕದ ಪ್ರಮಾಣಪತ್ರ ಕೇಳಿ ಪಡೆಯುವುದು. ಎರಡೇ ತಿಂಗಳು ಓದಿ ಬಿಟ್ಟಿದ್ದರೂ ಪುಸ್ತಕದಲ್ಲಿ ಹೆಸರಿರುತ್ತದೆ. ತಡವಾಯಿತು ಎಂದು ಕೈಬಿಡಬೇಕಿಲ್ಲ. ಹುಡುಗನನ್ನು ದೊಡ್ಡವನೆಂದು ಬರೆದು ಜೈಲಿಗೆ ಕಳಿಸಿದ್ದರೂ, ಅಪರಾಧ ನಡೆದ ದಿನ ಅವನಿಗೆ ಹದಿನೆಂಟು ಆಗಿರಲಿಲ್ಲ ಎಂಬ ವಾದವನ್ನು ಯಾವ ನ್ಯಾಯಾಲಯದಲ್ಲಿ ಬೇಕಾದರೂ, ಯಾವ ಹಂತದಲ್ಲಿ ಬೇಕಾದರೂ, ಪ್ರಕರಣ ಪೂರ್ತಿ ಮುಗಿದ ಮೇಲೂ ಎತ್ತಬಹುದು. 9ನೇ ಕಲಂ ಅಷ್ಟು ಉದಾರವಾಗಿದೆ.

ಈಗ ಯೋಚಿಸಿ: ಪೇಟೆ ಹುಡುಗ ಆಸ್ಪತ್ರೆಯಲ್ಲಿ ಹುಟ್ಟಿದವ, ಪಾಲಿಕೆಯ ಜನನ ಪತ್ರ ಬೀರುವಿನಲ್ಲಿದೆ. ಅಪ್ಪ ವಾಟ್ಸ್ಆಪ್‌ನಲ್ಲೇ ಕಳಿಸುತ್ತಾನೆ. ಟೆಂಟಿನ ಹುಡುಗ ಹುಟ್ಟಿದ್ದು ಯಾವ ಊರಿನ ಬಯಲಿನಲ್ಲಿ ಎಂಬುದೇ ಅವನ ಮನೆಯಲ್ಲಿ ಚರ್ಚೆಯ ವಿಷಯ.

ಜಾಮೀನು, ಮತ್ತು ಗುಳೆ

12ನೇ ಕಲಂ ಸರಳವಾಗಿದೆ. ಮಗುವಿಗೆ ಜಾಮೀನು ಕೊಡಲೇಬೇಕು, ಜಾಮೀನುದಾರ ಇದ್ದರೂ ಇಲ್ಲದಿದ್ದರೂ. ಅಪರಾಧ ಜಾಮೀನು ಸಿಗುವಂಥದ್ದೋ ಅಲ್ಲವೋ ಎಂಬ ಪ್ರಶ್ನೆಯೇ ಇಲ್ಲ. ನಿರಾಕರಿಸಲು ಮೂರೇ ಕಾರಣ: ಬಿಟ್ಟರೆ ಅಪರಾಧಿಗಳ ಸಹವಾಸಕ್ಕೆ ಬೀಳುವ ಸಂಭವ, ಮಗುವಿನ ನೈತಿಕ, ದೈಹಿಕ ಅಥವಾ ಮಾನಸಿಕ ಕ್ಷೇಮಕ್ಕೆ ಅಪಾಯ, ಇಲ್ಲವೇ ನ್ಯಾಯದ ಉದ್ದೇಶವೇ ಹಾಳಾಗುವುದು. ಕಾರಣವನ್ನು ಬರೆದು ದಾಖಲಿಸಬೇಕು.

ಮೂರು ಕಾರಣಗಳನ್ನು ಇನ್ನೊಮ್ಮೆ ಓದಿ. ಮಗುವನ್ನು ಕಾಪಾಡಲೆಂದೇ ಬರೆದವು. ಆದರೆ ‘ಅಪಾಯದ ವಾತಾವರಣ’ ಎಂದರೆ ಏನು? ಬಾಗಿಲಿಲ್ಲದ ಟೆಂಟು, ಕುಡಿಯುವ ಅಪ್ಪ, ಪಕ್ಕದಲ್ಲೇ ಹಂದಿಗೂಡು, ಕೇರಿಯಲ್ಲಿ ಹಿಂದೆ ಯಾರೋ ಜೈಲಿಗೆ ಹೋಗಿ ಬಂದವರು. ಬಡತನದ ವರ್ಣನೆಯನ್ನೇ ಅಪಾಯದ ವರ್ಣನೆಯಾಗಿ ಓದಿಬಿಡುವುದು ಬಹಳ ಸುಲಭ. ದುರುದ್ದೇಶವೇ ಬೇಕಿಲ್ಲ, ಒಳ್ಳೆಯ ಮನಸ್ಸಿನ, ಮಗುವಿಗೆ ಎರಡು ಹೊತ್ತು ಊಟವಾದರೂ ಸಿಗಲಿ ಎಂದು ಯೋಚಿಸುವ ಅಧಿಕಾರಿಯೇ ಅವನನ್ನು ಒಳಗೆ ಉಳಿಸಬಹುದು. ಪೇಟೆ ಹುಡುಗನ ಅಪ್ಪನೂ ರಾತ್ರಿ ಕುಡಿಯಬಹುದು. ಅದು ಕಾಂಪೌಂಡಿನೊಳಗಿನ ವಿಷಯ.

ಇದರ ಮೇಲೆ ನಮ್ಮ ಸೀಮೆಯದೇ ಆದ ಇನ್ನೊಂದು ಕಾರಣ ಸೇರುತ್ತದೆ: ಗುಳೆ. ಸುಗ್ಗಿ ಮುಗಿದ ಮೇಲೆ, ಮಳೆ ಕೈಕೊಟ್ಟ ವರ್ಷಗಳಲ್ಲಂತೂ ಇನ್ನೂ ಮೊದಲೇ, ತಾಂಡಾಗಳಿಂದ, ಹರಿಜನ ಕೇರಿಗಳಿಂದ ಕುಟುಂಬಗಳೇ ಎದ್ದು ಬೆಂಗಳೂರಿನ ಕಟ್ಟಡ ಕೆಲಸಕ್ಕೋ ಕಬ್ಬು ಕಡಿಯಲಿಕ್ಕೋ ಹೋಗುತ್ತವೆ. ಮುದುಕಿಯ ಜೊತೆ ಬಿಟ್ಟುಹೋದ ಹುಡುಗ ಸಿಕ್ಕಿಬಿದ್ದರೆ ಮಂಡಳಿಯ ಮುಂದೆ ‘ಇವನು ನನ್ನ ಮಗ, ನಾನು ನೋಡಿಕೊಳ್ಳುತ್ತೇನೆ’ ಎಂದು ನಿಲ್ಲಲು ಯಾರಿದ್ದಾರೆ? ಅಪ್ಪನಿಗೆ ಫೋನು ಹೋಗುತ್ತದೆ, ಮೇಸ್ತ್ರಿ ಮುಂಗಡದ ಲೆಕ್ಕ ಮುಗಿಯದೆ ಬಿಡುವುದಿಲ್ಲ. ಸಿರುಗುಪ್ಪದ ಹಳ್ಳಿಯಿಂದ ಬರುವವರಿಗೂ ಪ್ರತಿ ತಾರೀಖಿಗೆ ಒಂದು ದಿನದ ನಾಟಿ ಕೂಲಿ ಹೋಯಿತು, ಬಸ್ ಚಾರ್ಜು ಹೋಯಿತು. ಎರಡು ತಾರೀಖು ತಪ್ಪಿಸಿದರೆ ಕಡತದಲ್ಲಿ ‘ಪೋಷಕರಿಗೆ ಆಸಕ್ತಿ ಇಲ್ಲ’ ಎಂಬ ಸಾಲು ಬರುತ್ತದೆ. ಆ ಸಾಲನ್ನು ಅಳಿಸುವುದು ಕಷ್ಟ.

ಇದಕ್ಕೂ ಕಾಯ್ದೆಯಲ್ಲಿ ಮದ್ದಿದೆ, ಕೇಳುವವರು ಕಡಿಮೆ. ಜಾಮೀನಿನ ಷರತ್ತು ಪೂರೈಸಲು ಏಳು ದಿನದಲ್ಲಿ ಆಗದಿದ್ದರೆ ಮಗುವನ್ನು ಮತ್ತೆ ಮಂಡಳಿಯ ಮುಂದೆ ತಂದು ಷರತ್ತು ಸಡಿಲಿಸಬೇಕು. ಪೋಷಕರು ಇಲ್ಲದಿದ್ದರೆ ಪರಿವೀಕ್ಷಣಾಧಿಕಾರಿಯ ಮೇಲ್ವಿಚಾರಣೆಯಲ್ಲೋ ಯೋಗ್ಯ ವ್ಯಕ್ತಿಯೊಬ್ಬರ ಜವಾಬ್ದಾರಿಯಲ್ಲೋ ಬಿಡಬಹುದು. ಅಜ್ಜಿ, ಸೋದರಮಾವ, ಶಾಲೆಯ ಮೇಷ್ಟ್ರು, ಯಾರಾದರೂ ಆಗಬಹುದು. ಆಸ್ತಿ ಪತ್ರ ಬೇಕು ಎಂಬುದು ಕಾಯ್ದೆಯ ಮಾತಲ್ಲ.

ಹಳೆಯ ಪುಸ್ತಕದ ನೆರಳು

ಮಗು ಹಾಜರಾದ ಮೇಲೆ ಪರಿವೀಕ್ಷಣಾಧಿಕಾರಿ ಎರಡು ವಾರದೊಳಗೆ ಸಾಮಾಜಿಕ ತನಿಖಾ ವರದಿ ಕೊಡಬೇಕು, ನಮೂನೆ 6. ಮನೆ, ಓದು, ಗೆಳೆಯರು, ಚಟ, ನೆರೆಹೊರೆಯವರ ಅಭಿಪ್ರಾಯ, ಮನೆಯಲ್ಲಿ ಬೇರೆ ಯಾರ ಮೇಲಾದರೂ ಪ್ರಕರಣವಿದೆಯೇ, ಎಲ್ಲಕ್ಕೂ ಕಾಲಂ ಇದೆ. ಧರ್ಮ, ಜಾತಿಗೂ ಇದೆ. ಮಂಡಳಿಯಲ್ಲಿ ಕೂರುವುದು ಒಬ್ಬ ದಂಡಾಧಿಕಾರಿ ಮತ್ತು ಇಬ್ಬರು ಸಮಾಜಕಾರ್ಯಕರ್ತರು, ಅವರಲ್ಲಿ ಒಬ್ಬರು ಮಹಿಳೆ. ಈ ಮೂವರು ಹುಡುಗನನ್ನು ಅರಿಯುವುದು ಬಹುಮಟ್ಟಿಗೆ ಆ ವರದಿಯ ಮೂಲಕ. ಒಳ್ಳೆಯ ವರದಿ ಒಬ್ಬ ಹುಡುಗನ ಬದುಕನ್ನೇ ಉಳಿಸಬಲ್ಲದು. ಅವಸರದ ವರದಿ ನೆರೆಹೊರೆಯವರ ಪೂರ್ವಗ್ರಹಕ್ಕೆ ಸೀಲು ಒತ್ತುತ್ತದೆ. ‘ಅವರ ಜಾತೀನೇ ಹಂಗ್ರೀ’ ಎಂಬ ಮಾತು ‘ಸಮುದಾಯದ ಹಿನ್ನೆಲೆ ಪೂರಕವಾಗಿಲ್ಲ’ ಎಂಬ ಗ್ರಾಂಥಿಕ ವಾಕ್ಯವಾಗಿ ಮೇಜಿಗೆ ಬರುತ್ತದೆ.

‘ಜಾತೀನೇ ಹಂಗ’ ಎಂಬುದು ಆಕಾಶದಿಂದ ಬಿದ್ದ ಮಾತಲ್ಲ. ಸರ್ಕಾರವೇ ಕೂತು ಬರೆದ ಮಾತು. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆ ಹುಟ್ಟಿನಿಂದಲೇ ಇಡೀ ಸಮುದಾಯಗಳನ್ನು ಅಪರಾಧಿಗಳೆಂದು ಪಟ್ಟಿ ಮಾಡಿತು. 1897ರ ತಿದ್ದುಪಡಿ ನಾಲ್ಕರಿಂದ ಹದಿನೆಂಟು ವಯಸ್ಸಿನ ಹುಡುಗರನ್ನು ತಂದೆತಾಯಿಯಿಂದ ಬೇರ್ಪಡಿಸಿ ‘ಸುಧಾರಣೆ’ಗೆ ಇಡಲು ಅಧಿಕಾರ ಕೊಟ್ಟಿತು. 1911ರಲ್ಲಿ ಕಾಯ್ದೆ ಮದ್ರಾಸ್ ಪ್ರಾಂತ್ಯಕ್ಕೂ ಬಂತು. ಬಳ್ಳಾರಿ ಆಗ ಮದ್ರಾಸಿನದು. ಕೊರವ, ಕೊರಚ ಗುಂಪುಗಳು ಪಟ್ಟಿ ಸೇರಿದವು. ಹೇರೆತ್ತುಗಳ ಮೇಲೆ ಕರಾವಳಿಯ ಉಪ್ಪನ್ನು ಒಳನಾಡಿಗೆ ತಂದು ಧಾನ್ಯಕ್ಕೆ ಬದಲಿಸಿಕೊಳ್ಳುತ್ತಿದ್ದ ಜನ ಇವರು. ಸರ್ಕಾರದ ಉಪ್ಪಿನ ನೀತಿಯೂ ರೈಲೂ ಸೇರಿ ಈ ವ್ಯಾಪಾರವನ್ನು ಹೇಗೆ ಮುರಿದವು, ಆಮೇಲೆ ಅವರ ಅಲೆದಾಟವೇ ಹೇಗೆ ಅಪರಾಧವಾಯಿತು ಎಂಬುದನ್ನು ಮೀನಾ ರಾಧಾಕೃಷ್ಣ ಮದ್ರಾಸ್ ಪ್ರಾಂತ್ಯದ ಕೊರವರ ಕುರಿತ ತಮ್ಮ ಅಧ್ಯಯನದಲ್ಲಿ ಬಿಡಿಸಿಟ್ಟಿದ್ದಾರೆ.

ಇದಕ್ಕೊಂದು ವಿಚಿತ್ರ ಜೋಡಿಯಿದೆ. ಭಾರತದಲ್ಲೇ ಮೊದಲ ಮಕ್ಕಳ ಕಾಯ್ದೆ ಬಂದದ್ದೂ ಮದ್ರಾಸಿನಲ್ಲೇ, 1920ರಲ್ಲಿ. ತಪ್ಪು ಮಾಡಿದ ಮಗುವನ್ನು ದೊಡ್ಡವರಂತೆ ಕಾಣಬಾರದು, ಬೇರೆ ನ್ಯಾಯಾಲಯ, ಬೇರೆ ಶಾಲೆ ಬೇಕು ಎಂದ ಕಾಯ್ದೆ ಅದು. ಅಂದರೆ ಒಂದೇ ಪ್ರಾಂತ್ಯದಲ್ಲಿ, ಒಂದೇ ಕಾಲದಲ್ಲಿ, ಕದ್ದ ಮಗುವಿಗೆ ಕರುಣೆಯ ಕಾಯ್ದೆ. ಕೊರಚರ ಗುಡಾರದಲ್ಲಿ ಹುಟ್ಟಿದ್ದಕ್ಕೆ, ಕದಿಯದಿದ್ದರೂ, ಹಾಜರಿ ಪುಸ್ತಕ.

ಅಪರಾಧಿ ಬುಡಕಟ್ಟುಗಳ ಕಾಯ್ದೆ 1952ರ ಆಗಸ್ಟ್ 31ರಂದು ದೇಶದಾದ್ಯಂತ ರದ್ದಾಯಿತು. ಆದರೆ ರಾಜ್ಯಗಳು ರೂಢಿಗತ ಅಪರಾಧಿಗಳ ಕಾಯ್ದೆಗಳನ್ನು ತಂದವು, ನಮ್ಮಲ್ಲಿ 1961ರದು. ಪಟ್ಟಿಯಿಂದ ಸಮುದಾಯದ ಹೆಸರು ಹೋಯಿತು, ಬೀಟ್ ಪೊಲೀಸರ ನಡಿಗೆಯ ದಿಕ್ಕು ಬದಲಾಗಲಿಲ್ಲ. ಠಾಣೆಯ ಎಂಒಬಿ (ಅಪರಾಧ ಮಾಡುವ ರೀತಿಯ ದಾಖಲೆ) ಕಾರ್ಡು, ಹಿಸ್ಟರಿ ಶೀಟುಗಳಲ್ಲಿ ಅಪ್ಪನ ಹೆಸರಿದ್ದರೆ ಕಳ್ಳತನವಾದ ರಾತ್ರಿ ಮಗನ ಟೆಂಟಿಗೆ ಮೊದಲ ಟಾರ್ಚು ಬೀಳುತ್ತದೆ.

ಇತ್ತೀಚೆಗೆ ಸುಪ್ರೀಂ ಕೋರ್ಟ್ ಇದನ್ನು ಎರಡು ಸಲ ಮುಟ್ಟಿದೆ. 2024ರ ಮೇ ತಿಂಗಳ ತೀರ್ಪೊಂದರಲ್ಲಿ, ದೆಹಲಿಯ ಶಾಸಕರೊಬ್ಬರ ಹಿಸ್ಟರಿ ಶೀಟಿನ ಪ್ರಕರಣದಲ್ಲಿ, ಮನೆಯ ಅಪ್ರಾಪ್ತ ಮಕ್ಕಳ ವಿವರವನ್ನು ಶೀಟಿನಲ್ಲಿ ಸುಮ್ಮಸುಮ್ಮನೆ ಸೇರಿಸಬಾರದು ಎಂದಿತು. ಹಿಂದುಳಿದ, ಪರಿಶಿಷ್ಟ ಸಮುದಾಯಗಳ ನಿರಪರಾಧಿಗಳ ಹೆಸರು ಇಂಥ ಪುಸ್ತಕಗಳಿಗೆ ಯಾಂತ್ರಿಕವಾಗಿ ಬೀಳುತ್ತದೆ ಎಂಬುದನ್ನೂ ಗಮನಿಸಿ, ಎಲ್ಲ ರಾಜ್ಯಗಳೂ ತಮ್ಮ ಪದ್ಧತಿ ಪರಿಶೀಲಿಸಬೇಕೆಂದಿತು. ಅದೇ ವರ್ಷ ಅಕ್ಟೋಬರ್ 3ರಂದು, ಪತ್ರಕರ್ತೆ ಸುಕನ್ಯಾ ಶಾಂತಾ ಹೂಡಿದ್ದ ಪ್ರಕರಣದಲ್ಲಿ, ಜೈಲುಗಳಲ್ಲಿ ಜಾತಿ ನೋಡಿ ಕೆಲಸ ಹಂಚುವ ನಿಯಮಗಳನ್ನು ರದ್ದು ಮಾಡಿತು. ಪಟ್ಟಿಯಿಂದ ಬಿಡುಗಡೆಯಾದ ಅಲೆಮಾರಿ ಸಮುದಾಯದವರನ್ನು ಮನಬಂದಂತೆ ಬಂಧಿಸಬಾರದು ಎಂದು ಪೊಲೀಸರಿಗೂ ಹೇಳಿತು. ನಮ್ಮ ಟೆಂಟಿನ ಹುಡುಗನ ವಕೀಲರಿಗೆ ಇವೆರಡೂ ನೇರವಾಗಿ ಉಪಯೋಗಕ್ಕೆ ಬರುವ ತೀರ್ಪುಗಳು.

ಮಾತು ಬರದ ಮಗು

ಇನ್ನು ಭಾಷೆ. ಬಳ್ಳಾರಿಯಲ್ಲಿ ಕನ್ನಡ ಬರದೆ ಬದುಕುವುದು ಕಷ್ಟವಲ್ಲ. ತೆಲುಗು, ಉರ್ದುವಿನಲ್ಲೇ ದಿನ ಕಳೆದುಹೋಗುತ್ತದೆ. ಕೊರಚರಿಗೆ ಮನೆಯೊಳಗೊಂದು ಮಾತುಂಟು, ಲಂಬಾಣಿಗರಿಗೆ ಗೋರ್‌ಬೋಲಿ. ‘ಪಶ್ಚಾತ್ತಾಪ ಇದೆಯೇ?’ ಎಂದು ಕೇಳಿದಾಗ ತಲೆ ತಗ್ಗಿಸಿ ಸುಮ್ಮನೆ ನಿಂತ ಹುಡುಗನಿಗೆ ಪಶ್ಚಾತ್ತಾಪವಿಲ್ಲವೋ, ಆ ಪದವೇ ಗೊತ್ತಿಲ್ಲವೋ? ಮಗುವಿಗೆ ಅರ್ಥವಾಗದ ಭಾಷೆಯಲ್ಲಿ ನಡೆದರೆ ದುಭಾಷಿ ಒದಗಿಸಬೇಕಾದದ್ದು 8ನೇ ಕಲಮಿನ ಪ್ರಕಾರ ಮಂಡಳಿಯ ಹೊಣೆ. ಉಚಿತ ವಕೀಲರನ್ನು ಕೊಡಿಸುವುದೂ ಅವರ ಹೊಣೆಯೇ. ಕೇಳಿದರೆ ಕೊಡಬೇಕು, ಕೇಳದಿದ್ದರೂ ಕೊಡಬೇಕು.

ಮಾತಿನ ತೂಕ ಅತಿ ಹೆಚ್ಚಾಗುವುದು ಘೋರ ಅಪರಾಧದ ಪ್ರಕರಣಗಳಲ್ಲಿ, ಅಂದರೆ ಕನಿಷ್ಠ ಶಿಕ್ಷೆಯೇ ಏಳು ವರ್ಷ ಅಥವಾ ಹೆಚ್ಚು ಇರುವಂಥವು. ಅಲ್ಲಿ ಹದಿನಾರು ದಾಟಿದವನ ‘ಪ್ರಾಥಮಿಕ ಮೌಲ್ಯಮಾಪನ’ ನ‌ಡೆಯುತ್ತದೆ, 15ನೇ ಕಲಂ, ಮೂರು ತಿಂಗಳ ಗಡುವು. ಮಾಡಿದ್ದರ ಪರಿಣಾಮ ಅವನಿಗೆ ತಿಳಿದಿತ್ತೇ ಎಂದು ಅಳೆದು, ತಿಳಿದಿತ್ತು ಎಂದರೆ ದೊಡ್ಡವನಂತೆ ವಿಚಾರಣೆಗೆ ಮಕ್ಕಳ ನ್ಯಾಯಾಲಯಕ್ಕೆ ಕಳಿಸಬಹುದು. ಬದುಕು ಬೇಗ ದೊಡ್ಡವನನ್ನಾಗಿ ಮಾಡಿದ ಹುಡುಗ, ಹತ್ತನೇ ವಯಸ್ಸಿಗೇ ದುಡಿದವ, ಈ ಅಳತೆಯಲ್ಲಿ ‘ಪ್ರಬುದ್ಧ’ನಾಗಿ ಕಾಣುವುದು ಸಹಜ.

ಪೋಕ್ಸೊ (ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಕಾಯ್ದೆ) ಪ್ರಕರಣಗಳು ಈ ಬಾಗಿಲಿಗೇ ಬರುತ್ತವೆ. ಹದಿನೇಳರ ಹುಡುಗ, ಹದಿನಾರರ ಹುಡುಗಿ ಓಡಿಹೋದರು. ಎರಡೂ ಮನೆ ಒಂದೇ ಜಾತಿಯದಾದರೆ ಹಿರಿಯರು ಕೂತು ಮಾತಾಡಿ ಮುಗಿಸುವುದುಂಟು (ಅದೂ ಬಾಲ್ಯವಿವಾಹದಲ್ಲಿ ಮುಗಿಯಬಹುದು, ಅದು ಬೇರೆ ಅನ್ಯಾಯ). ಹುಡುಗ ದಲಿತ ಕೇರಿಯವನಾದರೆ ದೂರು ಠಾಣೆಗೆ ಬರಲು ತಡವಾಗುವುದಿಲ್ಲ. ಬಳ್ಳಾರಿ ಜಿಲ್ಲೆಯ ಮೇಲ್ಮನವಿಗಳು ಹೋಗುವ ಧಾರವಾಡ ಹೈಕೋರ್ಟ್ ಪೀಠವೇ 2022ರ ನವೆಂಬರಿನಲ್ಲಿ, ಹದಿಹರೆಯದ ಪ್ರೀತಿಯ ಇಂಥ ಪ್ರಕರಣಗಳನ್ನು ಕಂಡು, ಸಮ್ಮತಿಯ ವಯಸ್ಸಿನ ಬಗ್ಗೆ ಕಾನೂನು ಆಯೋಗ ಮರುಯೋಚನೆ ಮಾಡಲಿ ಎಂದಿತ್ತು.

ಎಣಿಸದೆ ಗೊತ್ತಾಗುವುದಿಲ್ಲ

ಇಷ್ಟೆಲ್ಲ ಹೇಳಿದ ಮೇಲೆ ನೀವು ಕೇಳುವುದು ಸಹಜ: ಅಂಕಿಅಂಶ ಎಲ್ಲಿ? ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರತಿ ವರ್ಷ ಮಕ್ಕಳ ಲೆಕ್ಕ ಕೊಡುತ್ತದೆ. 2022ರಲ್ಲಿ ದೇಶದಲ್ಲಿ ಇಂಥ 30 ಸಾವಿರಕ್ಕೂ ಹೆಚ್ಚು ಪ್ರಕರಣಗಳು. ಎಷ್ಟು ಓದಿದ್ದರು, ತಂದೆತಾಯಿಯ ಜೊತೆಗಿದ್ದರೇ ಎಂಬುದೂ ಅದರಲ್ಲಿದೆ. ಬಹುಪಾಲು ಮಕ್ಕಳು ತಂದೆತಾಯಿಯ ಜೊತೆಗೇ ಇದ್ದವರು. ಜಾತಿ, ಧರ್ಮದ ಲೆಕ್ಕ ಮಾತ್ರ ಇಲ್ಲ. ಅದೇ ಬ್ಯೂರೋ ದೊಡ್ಡವರ ಜೈಲುಗಳ ಪುಸ್ತಕದಲ್ಲಿ ಅದನ್ನು ಕೊಡುತ್ತದೆ. 2022ರ ಕೊನೆಗೆ ವಿಚಾರಣಾಧೀನ ಕೈದಿಗಳಲ್ಲಿ ಪರಿಶಿಷ್ಟ ಜಾತಿಯವರು ಸುಮಾರು ಐದನೇ ಒಂದು ಪಾಲು. 2011ರ ಜನಗಣತಿಯಲ್ಲಿ ಅವರ ಪಾಲು ಶೇ 16.6. ಮುಸ್ಲಿಮರು ಜನಸಂಖ್ಯೆಯಲ್ಲಿ ಶೇ 14.2, ವಿಚಾರಣಾಧೀನರಲ್ಲಿ ಐದನೇ ಒಂದರ ಸಮೀಪ. ದೊಡ್ಡವರಲ್ಲಿ ಹೀಗಿದ್ದರೆ ಮಕ್ಕಳಲ್ಲಿ ತಕ್ಕಡಿ ನೆಟ್ಟಗಿರುತ್ತದೆ ಎಂದು ನಂಬಲು ನನಗೆ ಕಾರಣ ಕಾಣುವುದಿಲ್ಲ. ಆದರೆ ಕಾಣುವುದಿಲ್ಲ ಎಂಬುದು ಲೆಕ್ಕವಲ್ಲ.

ಅಮೆರಿಕದವರು ಇದನ್ನು ಎಣಿಸಲು ಕಾನೂನನ್ನೇ ಮಾಡಿಕೊಂಡರು. 1988ರಲ್ಲಿ ಅಲ್ಲಿನ ಬಾಲನ್ಯಾಯ ಕಾಯ್ದೆಗೆ ತಿದ್ದುಪಡಿ ತಂದು, ಮಕ್ಕಳ ಬಂದೀಖಾನೆಗಳಲ್ಲಿ ಅಲ್ಪಸಂಖ್ಯಾತ ಜನಾಂಗದವರೇ ಹೆಚ್ಚಿದ್ದರೆ ಕಾರಣ ಹುಡುಕಿ ಎಂದು ರಾಜ್ಯಗಳಿಗೆ ಹೇಳಿದರು. 2002ರಲ್ಲಿ ಅದನ್ನು ಬಂಧನದಿಂದ ಹಿಂದಕ್ಕೆ, ಪೊಲೀಸರು ಹಿಡಿಯುವ ಕ್ಷಣದವರೆಗೆ ವಿಸ್ತರಿಸಿದರು. ಪ್ರತಿ ಬಾಗಿಲಲ್ಲೂ ಎಣಿಕೆ: ಎಷ್ಟು ಮಂದಿಯನ್ನು ಹಿಡಿದರು, ಎಷ್ಟು ಮಂದಿಯನ್ನು ಬುದ್ಧಿ ಹೇಳಿ ಬಿಟ್ಟರು, ಎಷ್ಟು ಮಂದಿಯನ್ನು ಒಳಗಿಟ್ಟರು, ಪ್ರತಿಯೊಂದೂ ಜನಾಂಗವಾರು. ಎಣಿಸಿದ್ದರಿಂದ ಅಸಮಾನತೆ ಹೋಗಲಿಲ್ಲ. ಅಲ್ಲಿ ಈಗಲೂ ಕರಿಯ ಮಕ್ಕಳು ಬಂಧನದಲ್ಲಿರುವ ಪ್ರಮಾಣ ಬಿಳಿಯ ಮಕ್ಕಳಿಗಿಂತ ನಾಲ್ಕು ಪಟ್ಟಿಗೂ ಹೆಚ್ಚು. ಆದರೆ ಯಾವ ಬಾಗಿಲಲ್ಲಿ ತಕ್ಕಡಿ ವಾಲಿತು ಎಂದು ಬೆರಳಿಟ್ಟು ತೋರಿಸಬಲ್ಲರು.

ಇಲ್ಲಿ ಅದಕ್ಕೆ ಹೊಸ ಕಾನೂನೇನೂ ಬೇಡ. ನಮೂನೆ 6ರಲ್ಲಿ ಜಾತಿಯ ಕಾಲಂ ಈಗಾಗಲೇ ಇದೆ. ಹೆಸರು ತೆಗೆದು ಮೊತ್ತ ಕೂಡಿದರೆ ಸಾಕು. ಮಂಡಳಿಯ ಬಾಕಿ ಪ್ರಕರಣಗಳನ್ನು ಮುಖ್ಯ ನ್ಯಾಯಿಕ ದಂಡಾಧಿಕಾರಿ ಮೂರು ತಿಂಗಳಿಗೊಮ್ಮೆ ಪರಿಶೀಲಿಸುವ ಏರ್ಪಾಡೂ 16ನೇ ಕಲಮಿನಲ್ಲಿದೆ. 2011ರ ಜನಗಣತಿಯಲ್ಲಿ ಅವಿಭಜಿತ ಬಳ್ಳಾರಿ ಜಿಲ್ಲೆಯ ಸುಮಾರು ಐದನೇ ಒಂದು ಪಾಲು ಜನ ಪರಿಶಿಷ್ಟ ಜಾತಿ, ಅದಕ್ಕಿಂತ ತುಸು ಕಡಿಮೆ ಪರಿಶಿಷ್ಟ ಪಂಗಡ. ಅಂದರೆ ಹತ್ತು ಮಕ್ಕಳಲ್ಲಿ ನಾಲ್ವರು. ಮಂಡಳಿಗೆ ಬಂದ ಹತ್ತರಲ್ಲಿ ನಾಲ್ವರಿದ್ದು, ಜಾಮೀನು ಸಿಗದೆ ಉಳಿದ ಹತ್ತರಲ್ಲಿ ಏಳು ಮಂದಿ ಅವರೇ ಆದರೆ ತಪ್ಪಿರುವುದು ಪೊಲೀಸರಲ್ಲಲ್ಲ, ಜಾಮೀನಿನ ಬಾಗಿಲಲ್ಲಿ. ಬಂದವರಲ್ಲೇ ಏಳು ಮಂದಿ ಇದ್ದರೆ ಠಾಣೆಯ ಬಾಗಿಲು ನೋಡಬೇಕು. ಹೆಸರಿಲ್ಲದ ಬರೀ ಸಂಖ್ಯೆಯನ್ನು ಜಿಲ್ಲಾ ಮಕ್ಕಳ ರಕ್ಷಣಾ ಘಟಕದಿಂದ ಮಾಹಿತಿ ಹಕ್ಕಿನಲ್ಲಿ ಯಾರು ಬೇಕಾದರೂ ಕೇಳಬಹುದು.

ಫೋನು ಬಂದ ರಾತ್ರಿ

ನಿಮ್ಮ ಮನೆಯ, ಕೇರಿಯ, ಕೆಲಸಕ್ಕೆ ಬರುವವರ ಮಗು ಠಾಣೆಯಲ್ಲಿದೆ ಎಂದು ತಿಳಿದರೆ 1098ಕ್ಕೆ ಕರೆ ಮಾಡಿ, ಅದು ಮಕ್ಕಳ ಸಹಾಯವಾಣಿ. ಕಾನೂನು ಸೇವೆಗಳ ಪ್ರಾಧಿಕಾರದ ಸಂಖ್ಯೆ 15100. ಮಕ್ಕಳಿಗೆ, ಪರಿಶಿಷ್ಟರಿಗೆ, ವಶದಲ್ಲಿರುವವರಿಗೆ ವಕೀಲರು ಉಚಿತ, ಆದಾಯ ಪತ್ರ ಕೇಳುವಂತಿಲ್ಲ. ಠಾಣೆಯಲ್ಲಿ ಕೇಳಬೇಕಾದ ಮೊದಲ ಮಾತು ‘ಏನು ಮಾಡಿದ?’ ಅಲ್ಲ, ‘ಮಕ್ಕಳ ಕಲ್ಯಾಣ ಅಧಿಕಾರಿ ಯಾರು, ಯಾವ ಕಲಂ ಹಾಕಿದ್ದೀರಿ?’ ಎಂಬುದು. ಮಾತಾಡುವುದು ಕಷ್ಟವಾದರೆ ಒಂದು ಹಾಳೆಯಲ್ಲಿ ಬರೆದು ಕೊಟ್ಟು, ಪಡೆದದ್ದಕ್ಕೆ ಸೀಲು ಹಾಕಿಸಿಕೊಳ್ಳಿ. ಪರಿವೀಕ್ಷಣಾಧಿಕಾರಿ ಮನೆಗೆ ಬರುವ ದಿನ ನೆರೆಯವರಷ್ಟೇ ಅಲ್ಲ, ಹುಡುಗನನ್ನು ಬಲ್ಲ ಮೇಷ್ಟ್ರು, ಅಂಗನವಾಡಿಯ ಟೀಚರು, ಕೆಲಸ ಕೊಟ್ಟ ಮೇಸ್ತ್ರಿ ಇವರನ್ನೂ ಮಾತಾಡಿಸುವಂತೆ ನೋಡಿಕೊಳ್ಳಿ. ವಿಚಾರಣೆ ನಾಲ್ಕು ತಿಂಗಳಲ್ಲಿ ಮುಗಿಯಬೇಕು, ಹೆಚ್ಚೆಂದರೆ ಇನ್ನೆರಡು ತಿಂಗಳು. ಲಘು ಅಪರಾಧದ ಪ್ರಕರಣ ಅಷ್ಟರಲ್ಲೂ ಮುಗಿಯದಿದ್ದರೆ ಅಲ್ಲಿಗೇ ಕೊನೆ. ಆ ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿಟ್ಟುಕೊಳ್ಳಿ, ಯಾರೂ ನೆನಪಿಸುವುದಿಲ್ಲ.

ತಪ್ಪು ಸಾಬೀತಾದರೂ ಬುದ್ಧಿಮಾತು, ಸಮುದಾಯ ಸೇವೆ, ಪರಿವೀಕ್ಷಣೆ ಹೀಗೆ ಅನೇಕ ದಾರಿಗಳಿವೆ. ವಿಶೇಷ ಗೃಹಕ್ಕೆ ಕಳಿಸುವುದು ಕೊನೆಯದು, ಅದೂ ಮೂರು ವರ್ಷ ಮೀರದಂತೆ.

ಆಮೇಲಿನದು ದಾಖಲೆಯ ಮಾತು. ಬಾಲ್ಯದ ಪ್ರಕರಣ ಮುಂದೆ ಯಾವ ಅನರ್ಹತೆಗೂ ಕಾರಣವಾಗಬಾರದು ಎಂದು 24ನೇ ಕಲಂ ಹೇಳುತ್ತದೆ. ನಿಯಮ 14ರ ಪ್ರಕಾರ ಕಡತವನ್ನು ಮೇಲ್ಮನವಿಯ ಅವಧಿ ಮುಗಿಯುವವರೆಗೆ ಅಥವಾ ಏಳು ವರ್ಷ ಇಟ್ಟು ನಾಶ ಮಾಡಬೇಕು. ಘೋರ ಅಪರಾಧದಲ್ಲಿ ಮಕ್ಕಳ ನ್ಯಾಯಾಲಯ ತಪ್ಪಿತಸ್ಥನೆಂದವರದು ಮಾತ್ರ ಬೇರೆ. ಸಿಐಎಸ್‌ಎಫ್ ಸಬ್ ಇನ್‌ಸ್ಪೆಕ್ಟರ್ ಹುದ್ದೆಗೆ ಆಯ್ಕೆಯಾಗಿ, ಬಾಲ್ಯದ ಹಳೆಯ ಪ್ರಕರಣದ ಕಾರಣಕ್ಕೆ ತಿರಸ್ಕೃತನಾದ ಯುವಕನ ಪರವಾಗಿ ಸುಪ್ರೀಂ ಕೋರ್ಟ್ 2019ರಲ್ಲಿ ತೀರ್ಪು ಕೊಟ್ಟಿದೆ. ಹುಡುಗನ ಹೆಸರು, ಫೋಟೊ ಪ್ರಕಟಿಸಿದವರಿಗೆ 74ನೇ ಕಲಮಿನಲ್ಲಿ ಆರು ತಿಂಗಳವರೆಗೆ ಜೈಲು ಅಥವಾ ಎರಡು ಲಕ್ಷದವರೆಗೆ ದಂಡ, ಅಥವಾ ಎರಡೂ. ಆದರೆ ಈಗ ಹೆಸರು ಉಳಿಯುವುದು ಕಡತದಲ್ಲಲ್ಲ. ಹಿಡಿದ ರಾತ್ರಿ ಯಾರೋ ಮೊಬೈಲಿನಲ್ಲಿ ತೆಗೆದ ಫೋಟೊ, ಓಣಿಯ ಗ್ರೂಪಿನಲ್ಲಿ ‘ಈ ಹುಡುಗನ ಮೇಲೆ ಕಣ್ಣಿಡಿ’ ಎಂದು ಬಂದ ಸಿಸಿ ಕ್ಯಾಮೆರಾ ತುಣುಕು, ಬೀಟಿನವರ ಗ್ಯಾಲರಿ. ಪ್ರಕರಣ ಮುಗಿದ ದಿನವೇ ಆದೇಶದ ಪ್ರತಿ ಕೇಳಿ ಪಡೆದು, ಆ ಚಿತ್ರಗಳನ್ನೂ ಠಾಣೆಯ ಪುಸ್ತಕದ ನಮೂದನ್ನೂ ತೆಗೆಸಿ ಎಂದು ಮಂಡಳಿಗೆ ಒಂದು ಅರ್ಜಿ ಬರೆದುಕೊಡಿ. ಬಿಳಿ ಹಾಳೆಯಲ್ಲಿ, ಕನ್ನಡದಲ್ಲೇ ಬರೆದರೆ ಸಾಕು.